ನೀಲಿ ಕೋಟು, ಒಂದು

ಲಾಡ್ಜಿನ ಮಂಚದ ಮೇಲೆ ಹನ್ನೊಂದು ಬಗೆಯ ಸಾಮಾನು ಇರಬೇಕಾಗಿತ್ತು. ಟೈಲರಮ್ಮ ಎರಡು ಸಲ ಎಣಿಸಿದಳು. ಹತ್ತೇ ಇದ್ದವು.

ಎಣಿಸುವ ಚಟ ಅವಳದಲ್ಲ, ಗಂಡನದು. ಗಂಡನೆಂದರೆ ಒಂದೂವರೆ ವರ್ಷದಿಂದ ಬೇರೆ ಮನೆಯಲ್ಲಿರುವ ಗಂಡ, ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ಐದು ವರ್ಷದ ಮಗಳು ಇರುವುದು ಅವನ ಹತ್ತಿರ. ಹದಿನೈದು ದಿನಕ್ಕೊಮ್ಮೆ ಅವಳನ್ನು ತಾಯಿಯ ಮನೆಗೆ ಕಳಿಸುವಾಗ, ಲಾರಿಗೆ ಸರಕು ಹೇರಿದ ಹಾಗೆ, ಬ್ಯಾಗಿನೊಳಗೊಂದು ಪಟ್ಟಿ ಇಡುತ್ತಿದ್ದ: ಫ್ರಾಕು ಮೂರು, ಕಾಲುಚೀಲ ನಾಲ್ಕು ಜೊತೆ, ಬಾಚಣಿಗೆ ಒಂದು, ನೀಲಿ ಕೋಟು ಒಂದು. ಭಾನುವಾರ ಸಂಜೆ ಬಾಗಿಲಲ್ಲೇ ನಿಂತು ಒಂದೊಂದಕ್ಕೂ ಟಿಕ್ ಹಾಕುತ್ತಿದ್ದ. ವಾಪಸ್ ಬಾರದ್ದರ ಮುಂದೆ 'ಕಳೆದಿದೆ' ಎಂದು ಬರೆಯುತ್ತಿದ್ದ. ಮನುಷ್ಯ ಕೆಟ್ಟವನಲ್ಲ. ಕುಡಿಯುವವನಲ್ಲ, ಹೊಡೆಯುವವನಲ್ಲ, ಆದರೆ ಬರೆದಿಡುವವನು. ಅಂಥವನ ಜೊತೆ ಬಾಳುವುದು ಎಂಥ ಕಷ್ಟ ಅಂತ ಬಾಳಿದವರಿಗೇ ಗೊತ್ತು.

ಟೈಲರಮ್ಮನಾದರೋ ಕತ್ತರಿಯನ್ನು ಕೊರಳಿಗೆ ನೇತುಹಾಕಿಕೊಂಡೇ ಕತ್ತರಿ ಎಲ್ಲಿ ಅಂತ ಅಂಗಡಿಯೆಲ್ಲ ತಡಕುವವಳು. ಒಂದು ಟೋಪಿ, ಒಂದು ಛತ್ರಿ, ಮೂರು ಒಂಟಿ ಕಾಲುಚೀಲ ಹೀಗೆ 'ಕಳೆದಿದೆ'ಗಳು ಸೇರುತ್ತ ಹೋಗಿ, ಕೊನೆಗೆ ಪಟ್ಟಿಗಳೆಲ್ಲ ಒಂದು ಕಂತೆಯಾಗಿ ಕೋರ್ಟು ಮುಟ್ಟಿದವು. "ಇವತ್ತು ಟೋಪಿ ಕಳೆದೋರು ನಾಳೆ ಮಗೂನ ಕಳೆಯಲ್ಲ ಅಂತ ಏನು ಗ್ಯಾರಂಟಿ?" ಎಂದಿದ್ದರು ಅವನ ವಕೀಲರು. ಆ ಮಾತು ಟೈಲರಮ್ಮನ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಉಳಿದಿತ್ತು.

ಇನ್ನು ಹತ್ತು ದಿನಕ್ಕೆ ಮತ್ತೆ ಕೋರ್ಟು. ಶಾಲೆಯ ರಜೆಯ ಒಂದು ತಿಂಗಳು ಮಗಳನ್ನು ತನ್ನ ಹತ್ತಿರ ಬಿಡಿ ಎಂದು ಅವಳು ಕೇಳಿಕೊಂಡಿದ್ದಳು. ಈ ಪ್ರವಾಸ ಅದಕ್ಕೆ ಮೊದಲಿನ ಪರೀಕ್ಷೆ. ಯಾರಿಗೂ ಬೇಡವಾದ ಹೊತ್ತಿನ ಅಗ್ಗದ ವಿಮಾನ, ಕೈಚೀಲ ಬಿಟ್ಟರೆ ಬೇರೆ ಲಗೇಜಿಗೆ ಅವಕಾಶವಿಲ್ಲ, ಒಂದೇ ಕಿಟಕಿಯ ರೂಮು; ಆದರೂ ಸಮುದ್ರ ಕಾಣುವ ಪರದೇಶ. ಗಂಡ ಬಹಳ ಯೋಚಿಸಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದ. ಮಗಳ ಪಾಸ್‌ಪೋರ್ಟನ್ನು ಅವಳ ಕೈಗಿಡುವಾಗ, "ಭಾನುವಾರ ಏಳು ಗಂಟೆ. ಒಂದು ನಿಮಿಷ ಆಚೆ ಹೋದ್ರೂ ನಾನು ಬರ್ಕೋತೀನಿ. ಇದನ್ನಂತೂ ಕಳೀಬೇಡ ಮಾರಾಯ್ತಿ" ಎಂದಿದ್ದ.

ಕಳೆಯಬಾರದಲ್ಲ! ಶುಕ್ರವಾರ ಲಾಡ್ಜಿಗೆ ಬಂದವಳೇ ಟೈಲರಮ್ಮ ತನಗೆ ತಿಳಿದ ಒಂದೇ ವಿದ್ಯೆಯನ್ನು ಉಪಯೋಗಿಸಿದಳು. ತಾನು ಚೀಲ ಕಳೆಯಬಹುದು, ಪರ್ಸು ಕಳೆಯಬಹುದು, ಮಗಳನ್ನು ಮಾತ್ರ ಕಳೆಯುವವಳಲ್ಲ. ಆದ್ದರಿಂದ ಎರಡು ಪಾಸ್‌ಪೋರ್ಟುಗಳನ್ನೂ ಮಗಳ ಮೈಮೇಲೇ ಇಟ್ಟರಾಯಿತು! ಜ್ಯೂಸು ಚೆಲ್ಲಿಕೊಂಡೀತೆಂದು ಅವನ್ನು ರೆಕ್ಸಿನ್ ತುಂಡಿನಲ್ಲಿ ಸುತ್ತಿ, ನೀಲಿ ಕೋಟಿನ ಬೆನ್ನಿನ ಲೈನಿಂಗ್ ಬಿಚ್ಚಿ, ಒಳಗಿಟ್ಟು, ಕಣ್ಣಿಗೆ ಕಾಣದ ಹಾಗೆ ಹೊಲಿದುಬಿಟ್ಟಳು. ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಆ ರಾತ್ರಿ ಸೊಗಸಾಗಿ ನಿದ್ದೆ ಮಾಡಿದಳು.

ಈಗ ಭಾನುವಾರ, ಹನ್ನೊಂದೂ ಮುಕ್ಕಾಲು. ಮಂಚದ ಮೇಲಿಲ್ಲದ ಹನ್ನೊಂದನೆಯ ಸಾಮಾನು ಆ ಕೋಟೇ.

"ಗುಂಡೀ, ಕೋಟೆಲ್ಲಿ?"

ಅಂಗಿಯ ಗುಂಡಿಯಷ್ಟೇ ದುಂಡನೆಯ ಮುಖದ ಮಗಳಿಗೆ ತಾಯಿ ಇಟ್ಟ ಹೆಸರದು. ಗುಂಡಿ ನೆಲದ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದಳು, ಎಡದ್ದು ಬಲಕ್ಕೆ.

"ಕೊಟ್ಬಿಟ್ಟೆ."

"ಯಾರಿಗೆ?"

"ಪುಟ್ಟ ಹುಡುಗಿಗೆ. ಪಾರ್ಕಲ್ಲಿ. ನಂಗೆ ಬಿಗಿ ಆಗಿತ್ತಲ್ಲ. ನಾನು ಹೇಳ್ದೆ, ನೀನು ಹ್ಞೂಂ ಹ್ಞೂಂ ಅಂದೆ."

ಬಿಗಿಯಾದ ಬಟ್ಟೆ ಚಿಕ್ಕವರಿಗೆ: ಇದು ಟೈಲರಮ್ಮನ ಮನೆಯ ಕಾನೂನು, ಅವಳೇ ಮಾಡಿದ್ದು. ತೋಳು ಮೇಲೆ ಸರಿದ ಫ್ರಾಕನ್ನು ಗುಂಡಿಯ ಕೈಯಿಂದಲೇ ಪಕ್ಕದ ಮನೆಯ ಕೂಸಿಗೆ ಕೊಡಿಸಿ, "ಜಾಣೆ" ಎಂದು ಬೆನ್ನು ತಟ್ಟುತ್ತಿದ್ದಳು. ಲೈನಿಂಗಿನೊಳಗೆ ಎರಡು ಪಾಸ್‌ಪೋರ್ಟು ತುರುಕಿದರೆ ಕೋಟು ಬಿಗಿಯಾಗದೆ ಇನ್ನೇನಾದೀತು? ಎರಡು ದಿನದಿಂದ ಮಗು "ಬಿಗಿ, ಬಿಗಿ" ಎನ್ನುತ್ತಲೇ ಇತ್ತು. ಬೆಳಗ್ಗೆ ಪಾರ್ಕಿನ ಬೆಂಚಿನ ಮೇಲೆ ಕೂತು ಅವಳು ಫೋನಿನಲ್ಲಿ ಗಂಡನಿಗೆ ಉತ್ತರ ಬರೆಯುತ್ತಿದ್ದಳು: ಹೌದು, ತಿಂಡಿ ತಿಂದಳು, ಹೌದು, ಕೋಟು ಹಾಕಿಕೊಂಡಿದ್ದಾಳೆ. ಬಿಸಿಲು ಬಂದಾಗ ತನ್ನ ಸ್ವೆಟರು, ಶಾಲು, ಮಗಳ ಕೋಟು ಎಲ್ಲ ತೋಳಿನ ಮೇಲೆ ಹೇರಿಕೊಂಡು ಬಂದೆನೆಂದು ನಂಬಿದ್ದಳು.

ಹನ್ನೆರಡೂವರೆಗೆ ವಿಮಾನ ನಿಲ್ದಾಣದ ಬಸ್ಸು. ಅದು ಬಿಟ್ಟರೆ ಒಂದೂವರೆಯದು, ಅಷ್ಟರಲ್ಲಿ ವಿಮಾನದ ಬಾಗಿಲು ಮುಚ್ಚಿರುತ್ತದೆ. ಮುಂದಿನ ವಿಮಾನ ಮಂಗಳವಾರ. ಪಾಸ್‌ಪೋರ್ಟೇ ಇಲ್ಲದವರಿಗೆ ಮಂಗಳವಾರವಾದರೇನು, ಶುಕ್ರವಾರವಾದರೇನು? ಹತ್ತು ದಿನದ ನಂತರ ವಕೀಲರು ಎದ್ದು ನಿಂತು ಏನನ್ನುತ್ತಾರೆಂಬುದು ಅವಳಿಗೆ ಈಗಲೇ ಕೇಳಿಸುತ್ತಿತ್ತು.

ಬೈಯಲು ಬಾಯಿ ತೆರೆದಳು. ಬೈಯುವುದಾದರೂ ಯಾರನ್ನು? ಮಗಳ ಶೂ ಸರಿಮಾಡಿ, ಸಾಮಾನೆಲ್ಲ ತುಂಬಿದ ಬ್ಯಾಗನ್ನು ಬೆನ್ನಿಗೇರಿಸಿ, ಅವಳ ಕೈ ಹಿಡಿದು ಮೆಟ್ಟಿಲಿಳಿದು ಓಡಿದಳು.

ಪಾರ್ಕಿನಲ್ಲಿ ಜಾರುಬಂಡೆ ಖಾಲಿ, ಉಯ್ಯಾಲೆ ಖಾಲಿ. ಮುದುಕರೊಬ್ಬರು ಪೇಪರ್ ಓದುತ್ತಿದ್ದರು. ಟೈಲರಮ್ಮ ಮೊಣಕಾಲೆತ್ತರಕ್ಕೆ ಕೈ ಹಿಡಿದು ಪುಟ್ಟ ಹುಡುಗಿ ಎಂದೂ, ಮೈಮೇಲೆ ಕೈ ಸವರಿಕೊಂಡು ಕೋಟು ಎಂದೂ ಅಭಿನಯಿಸಿದಳು. ಅವರು ಪಾಪ, ಚಳಿಯಾಗುತ್ತಿದೆಯೇನೋ ಎಂದುಕೊಂಡು ಬಿಸಿಲಿನ ಬೆಂಚು ತೋರಿಸಿದರು.

"ಅವಳ ಮನೆ ಯಾವ್ದು ಅಂತ ಗೊತ್ತೇನೆ, ಕಂದ?" ಮಗಳತ್ತ ಬಗ್ಗಿ ಕೇಳಿದಳು.

"ಗೊತ್ತು. ಬಟ್ಟೆ ಗಿರಗಿರ ತಿರುಗ್ತಾವಲ್ಲ, ಆ ಮನೆ." ಗುಂಡಿ ರಸ್ತೆಯಾಚೆ ಬೆರಳು ಮಾಡಿದಳು.

ಎದುರಿಗೇ ಲಾಂಡ್ರಿ. ಗಾಜಿನ ಗೋಡೆಯ ಹಿಂದೆ ಸಾಲಾಗಿ ಎಂಟು ವಾಷಿಂಗ್ ಮಷಿನ್‌ಗಳು. ಟೈಲರಮ್ಮ ಒಳಗೆ ಕಾಲಿಟ್ಟಳು. ಗಲ್ಲಾದ ಹತ್ತಿರ ಮೂರು ವರ್ಷದ ಹುಡುಗಿಯೊಂದು ಸ್ಟೂಲಿನ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿತ್ತು. ಮೈಮೇಲೆ ಕೋಟಿಲ್ಲ. ಅದರ ತಾಯಿ, ಅಂಗಿಯ ತೋಳು ಮೇಲಕ್ಕೆ ಮಡಚಿದ ದಪ್ಪನೆಯ ಹೆಂಗಸು, ಇಸ್ತ್ರಿ ಮಾಡುತ್ತಿದ್ದಳು. ಗುಂಡಿಯನ್ನು ಕಂಡು ಅವಳ ಮುಖ ಅರಳಿತು. ಕೈಯೆತ್ತಿ ಐದನೇ ಮಷಿನ್ ತೋರಿಸಿದಳು. ಬೇರೆಯವರ ಬಟ್ಟೆಯನ್ನು ಒಗೆಯದೆ ತನ್ನ ಮಗುವಿಗೆ ಹಾಕುವಳೇ? ಕಸುಬಿನ ಹಟ!

ಗಾಜಿನ ಹಿಂದೆ, ನೊರೆಯ ನಡುವೆ, ನೀಲಿ ತೋಳೊಂದು ಮೇಲೆ ಬಂದು ಮುಳುಗಿತು.

"ನಿಲ್ಸಿ! ನಿಲ್ಸೀಮ್ಮಾ!" ಟೈಲರಮ್ಮ ಕೂಗಿಕೊಂಡಳು. ಜೀವ ಬಾಯಿಗೆ ಬಂದಾಗ ಯಾರಿಗೆ ಯಾವ ಭಾಷೆ ಬರುತ್ತದೆಂದು ನೋಡಿಕೊಂಡು ಕೂಗುವುದುಂಟೆ? ಆದರೆ ಎರಡೂ ಕೈಯಲ್ಲಿ ಗಾಜು ಬಡಿಯುವ ಹೆಂಗಸಿನ ಸಂಕಟಕ್ಕೆ ತರ್ಜುಮೆ ಬೇಕಾಗಲಿಲ್ಲ. ಲಾಂಡ್ರಿಯವಳು ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಓಡಿಬಂದು ಬಟನ್ ಒತ್ತಿದಳು. ಮಷಿನ್ ನಿಂತಿತು, ಬಾಗಿಲು ತೆರೆಯಲಿಲ್ಲ. ನೀರು ಇಳಿಯುವ ತನಕ ಅದು ತೆರೆಯುವುದೇ ಇಲ್ಲವೆಂದು ಅವಳು ಸನ್ನೆ ಮಾಡಿದಳು. ನೀರು ಅಂಗುಲ ಅಂಗುಲವಾಗಿ ಇಳಿಯಿತು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಹತ್ತಾಯಿತು, ಹನ್ನೆರಡು ಹದಿಮೂರಾಯಿತು.

ಕಟ್ ಎಂದು ಬಾಗಿಲು ಬಿಟ್ಟುಕೊಂಡಿತು. ಟೈಲರಮ್ಮ ಕೋಟನ್ನು ಎಳೆದುಕೊಂಡು ನೆಲಕ್ಕೆ ಕುಕ್ಕರಿಸಿ, ತಾನೇ ಹಾಕಿದ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಹರಿದಳು. ಗಟ್ಟಿ ಹೊಲಿಗೆ; ಮೊದಲ ಸಲ ತನ್ನ ಕೈಗುಣವನ್ನೇ ಶಪಿಸಿದಳು. ರೆಕ್ಸಿನ್ ಸುರುಳಿ ಈಚೆ ಬಂತು. ಬಿಚ್ಚಿದರೆ, ಮಗಳ ಪಾಸ್‌ಪೋರ್ಟಿಗೆ ನೀರು ತಗಲಿರಲಿಲ್ಲ; ತನ್ನದರ ಒಂದು ಮೂಲೆ ಮಾತ್ರ ನೆನೆದು ಊದಿತ್ತು. ಅವೆರಡನ್ನೂ ಎದೆಗೊತ್ತಿಕೊಂಡು ಅತ್ತುಬಿಟ್ಟಳು. ಲಾಂಡ್ರಿಯವಳು ಪಾಸ್‌ಪೋರ್ಟು ಕಂಡು "ಅಯ್ಯೋ" ಎಂಬಂತೆ, ಸೆರಗಿಲ್ಲದ್ದಕ್ಕೆ ಕೈಯನ್ನೇ ಬಾಯಿಗೆ ಅಡ್ಡ ಹಿಡಿದಳು.

ಹನ್ನೆರಡು ಹದಿನೈದು. ಕೋಟನ್ನು ಹಿಂಡಿ ಚೀಲಕ್ಕೆ ತುರುಕಿದರೆ ಎಲ್ಲ ಮುಗಿಯಿತು: ಹನ್ನೊಂದಕ್ಕೆ ಹನ್ನೊಂದು ಟಿಕ್, ಯಾರಿಗೂ ಏನೂ ತಿಳಿಯುವುದಿಲ್ಲ. ಟೈಲರಮ್ಮ ಕೋಟು ಮಡಚತೊಡಗಿದಳು. ಸ್ಟೂಲಿನ ಮೇಲಿದ್ದ ಹುಡುಗಿ ಇಳಿದು ಬಂದು ಅದರ ಒಂದು ತೋಳು ಹಿಡಿದುಕೊಂಡಿತು. ಅಳಲಿಲ್ಲ, ಸುಮ್ಮನೆ ಹಿಡಿದುಕೊಂಡಿತು.

"ಅಮ್ಮ," ಗುಂಡಿ ಕಿವಿಯಲ್ಲಿ ಹೇಳಿದಳು, "ಕೊಟ್ಟಿದ್ದನ್ನ ವಾಪಸ್ ಇಸ್ಕೋಬಾರ್ದು ಅಲ್ವಾ?"

ಅದೂ ಅವಳದೇ ಕಾನೂನು. ತಾನು ನೆಟ್ಟ ಗಿಡದ ಮುಳ್ಳು ತನಗೇ ಚುಚ್ಚಿತು. ಟೈಲರಮ್ಮ ಮಗಳ ಮುಖ ನೋಡಿದಳು. ಆ ಮುಖದಲ್ಲಿ ತಕರಾರಿರಲಿಲ್ಲ, ಅನುಮಾನವೂ ಇರಲಿಲ್ಲ. ಅಮ್ಮ ಸರಿಯಾದದ್ದನ್ನೇ ಮಾಡುತ್ತಾಳೆಂದು ಕಾಯುತ್ತಿತ್ತು. ಕೋರ್ಟು ಎಷ್ಟು ದಿನ ಕೊಡುತ್ತದೋ ಬಿಡುತ್ತದೋ, ಈ ನಂಬಿಕೆಯನ್ನು ಕಳೆದುಕೊಂಡರೆ ಅದನ್ನು ಯಾವ ಪಟ್ಟಿಯಲ್ಲಿ ಹುಡುಕುವುದು?

"ಹೌದು ಕಂದ, ಇಸ್ಕೋಬಾರ್ದು" ಎಂದಳು.

ಆದರೆ ಲೈನಿಂಗ್ ಹರಿದ ಬಟ್ಟೆಯನ್ನು ಕೈಯಿಂದ ದಾಟಿಸುವ ಅಭ್ಯಾಸ ಅವಳಿಗಿಲ್ಲ. ಪರ್ಸಿನಿಂದ ಸೂಜಿದಾರ ತೆಗೆದಳು. ಒದ್ದೆ ಬಟ್ಟೆಗೆ ಸೂಜಿ ಸಲೀಸಾಗಿ ಇಳಿಯುವುದಿಲ್ಲ; ಬೆರಳಿಗೆ ಎರಡು ಸಲ ಚುಚ್ಚಿತು. ಲಾಂಡ್ರಿಯವಳು ಗಡಿಯಾರ ನೋಡಿದಳು, ಇವಳ ಬ್ಯಾಗು ನೋಡಿದಳು, ಬಾಗಿಲಿಗೆ ಹೋಗಿ ಬಸ್ಸು ಬರುವ ದಿಕ್ಕಿಗೆ ಕಣ್ಣು ನೆಟ್ಟು ನಿಂತಳು. ಹನ್ನೆರಡು ಇಪ್ಪತ್ತೈದಕ್ಕೆ ಟೈಲರಮ್ಮ ಗಂಟು ಹಾಕಿ ದಾರ ಕಡಿದು, ಕೋಟನ್ನು ಪುಟ್ಟ ಹುಡುಗಿಯ ಕೈಗಿತ್ತಳು. ಇಬ್ಬರು ತಾಯಂದಿರೂ ಓಡಿದರು; ಬ್ಯಾಗು ಲಾಂಡ್ರಿಯವಳ ಹೆಗಲ ಮೇಲೆ, ಗುಂಡಿ ಟೈಲರಮ್ಮನ ಕಂಕುಳಲ್ಲಿ. ಹೊರಟೇಬಿಟ್ಟಿದ್ದ ಬಸ್ಸನ್ನು ಲಾಂಡ್ರಿಯವಳು ರಸ್ತೆಗೆ ಅಡ್ಡ ನಿಂತು ನಿಲ್ಲಿಸಿದಳು.

ನಿಲ್ದಾಣದಲ್ಲಿ ಅಧಿಕಾರಿ ಊದಿದ ಮೂಲೆಯನ್ನು ಹೆಬ್ಬೆರಳಿನಿಂದ ಸವರಿ ಸವರಿ ನೋಡಿದ. ಕೊನೆಗೆ ಮುದ್ರೆ ಬಿತ್ತು.

ವಿಮಾನದಲ್ಲಿ ಅವಳ ಮನಸ್ಸು ಇನ್ನೊಂದು ಪಾಪಕ್ಕೆ ಎಳೆಯಿತು. ಪಾಸ್‌ಪೋರ್ಟಿನ ಸಂಗತಿ ಅಪ್ಪನಿಗೆ ಹೇಳಬೇಡ ಎಂದು ಒಂದು ಮಾತು ಕಿವಿಯಲ್ಲಿ ಹಾಕಿದರೆ ಸಾಕು. "ಗುಂಡೀ" ಎಂದಳು. ಮಗಳು ತಿರುಗಿದಳು. "ಏನಿಲ್ಲ, ನಿದ್ದೆ ಮಾಡು" ಎಂದು ತನ್ನ ಸ್ವೆಟರನ್ನು ಅವಳಿಗೆ ಹೊದಿಸಿದಳು. ಐದು ವರ್ಷದವಳ ನಾಲಗೆಗೆ ಹೊಲಿಗೆ ಹಾಕುವಷ್ಟು ಕೀಳಾಗಲು ಅವಳಿಂದ ಆಗಲಿಲ್ಲ.

ಏಳಕ್ಕೆ ಆರು ನಿಮಿಷ ಇರುವಾಗ ಗಂಡನ ಮನೆಯ ಬೆಲ್ ಒತ್ತಿದಳು. ಅವನು ಮೊದಲು ಕೈಗಡಿಯಾರ ನೋಡಿದ, ಆಮೇಲೆ ಮಗಳನ್ನು ಎತ್ತಿಕೊಂಡು ಮುದ್ದಿಟ್ಟ, ಆಮೇಲೆ ಪಟ್ಟಿ ತೆಗೆದ. ಟಿಕ್, ಟಿಕ್. ಹತ್ತಾದವು. ಪೆನ್ನು ನಿಂತಿತು.

"ನೀಲಿ ಕೋಟು?"

"ನಾನ್ ಹೇಳ್ತೀನಿ ಕೇಳಿ," ಎಂದಳು ಟೈಲರಮ್ಮ, ಮಗಳು ಬಾಯಿ ತೆರೆಯುವ ಮೊದಲೇ. "ಪಾಸ್‌ಪೋರ್ಟ್ ಕಳೆದೋಗುತ್ತೆ ಅಂತ ಹೆದರಿ ಕೋಟಿನೊಳಗೆ ಹೊಲಿದಿದ್ದೆ. ಇವಳು ಬಿಗಿ ಆಯ್ತು ಅಂತ ಒಂದು ಮಗೂಗೆ ಕೊಟ್ಬಿಟ್ಳು. ವಾಷಿಂಗ್ ಮಷಿನ್ನಿಂದ ಪಾಸ್‌ಪೋರ್ಟ್ ತೆಗೆದೆ. ಕೋಟು ಅಲ್ಲೇ ಬಿಟ್ಟು ಬಂದೆ. ತಪ್ಪು ನಂದು. ಬೇಕಾದ್ರೆ ಬರ್ಕೊಳ್ಳಿ."

ಅವನು ಊದಿದ ಪಾಸ್‌ಪೋರ್ಟು ನೋಡಿದ, ಅವಳ ಬೆರಳಿನ ಮೇಲೆ ಒಣಗಿದ ರಕ್ತದ ಚುಕ್ಕೆ ನೋಡಿದ.

"ಕೋಟು ತರಬಹುದಿತ್ತಲ್ಲ. ಕೈಗೆ ಸಿಕ್ಕಿತ್ತಲ್ಲ."

"ಕೊಟ್ಟಿದ್ದನ್ನ ಇಸ್ಕೋಬಾರ್ದು ಅಪ್ಪ," ಎಂದಳು ಗುಂಡಿ ಅವನ ಹೆಗಲ ಮೇಲಿಂದ. "ಅಮ್ಮ ಹೊಲಿದು ಕೊಟ್ಳು."

ಅವನು ಪಟ್ಟಿಯನ್ನು ಬಾಗಿಲಿಗೊತ್ತಿ ಬರೆಯತೊಡಗಿದ. ಟೈಲರಮ್ಮ ನೋಡಬಾರದೆಂದುಕೊಂಡೇ ನೋಡಿದಳು. 'ಕ' ಬರೆದಿದ್ದ. ಪೆನ್ನು ಬಹಳ ಹೊತ್ತು ಅಲ್ಲೇ ನಿಂತಿತ್ತು. ಆಮೇಲೆ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಬಿಡಿಸಿ ಬರೆದ: 'ಕೊಟ್ಟದ್ದು'.

ಚೀಟಿ ಮಡಚಿ ಜೇಬಿಗಿಟ್ಟುಕೊಂಡು, ಬಾಗಿಲು ಎಳೆದುಕೊಳ್ಳುವಾಗ, ಅವಳ ಮುಖ ನೋಡದೆಯೇ ಅಂದ: "ಇವಳು ರಜೆಗೆ ನಿನ್ನಲ್ಲಿಗೆ ಬರೋ ಹೊತ್ತಿಗೆ ಇನ್ನೊಂದು ಹೊಲಿದಿಡು. ಸ್ವಲ್ಪ ದೊಡ್ಡದು."