ಅಧ್ಯಕ್ಷರ ಸಹಿ ಯಾರ ಜೇಬಿನಲ್ಲಿ?

ಹಾರಂಗಿ ಅಣೆಕಟ್ಟೆ ಹತ್ತಿರದಲ್ಲೇ ಇದ್ದರೂ ಆ ಗಿರಿಜನ ಹಾಡಿಯವರಿಗೆ ಕುಡಿಯುವ ನೀರಿಲ್ಲ. ಬೇಸಿಗೆ ಬಂದರೆ ಹೆಂಗಸರು ಕೊಡ ಹೊತ್ತು ತೋಟದ ಕೆರೆಗೆ ಹೋಗಬೇಕು. ಉಷಾರಾಣಿ ಪಂಚಾಯಿತಿ ಅಧ್ಯಕ್ಷೆಯಾದಾಗ ಅಲ್ಲಿಗೊಂದು ಟ್ಯಾಂಕ್ ಕಟ್ಟಿಸುತ್ತೇನೆಂದು ಮಾತು ಕೊಟ್ಟಿದ್ದಳು.

ಒಂದು ಬೆಳಿಗ್ಗೆ ಹಾಡಿಯ ಬೆಳ್ಳಿ ಖಾಲಿ ಕೊಡ ಹಿಡಿದು ಅವಳ ಅಂಗಳಕ್ಕೆ ಬಂದಳು.

"ಟ್ಯಾಂಕ್ ಕಟ್ಟಿ ಮುಗೀತು ಅಂತ ಬಿಲ್ ಆಗೈತಂತಲ್ಲಕ್ಕ. ಸೈನು ನಿಮ್ದೇ ಅಂತೆ. ಎಲ್ಲೈತೆ ತೋರ್ಸಿ, ನೀರು ಹಿಡ್ಕೊಂಡು ಹೋಯ್ತೀನಿ."

ಅಂಥ ಬಿಲ್ಲನ್ನು ಉಷಾರಾಣಿ ಕಣ್ಣಿಂದಲೂ ನೋಡಿರಲಿಲ್ಲ. ಪಕ್ಕದ ಪಂಚಾಯಿತಿಯಲ್ಲಿ ಅಧ್ಯಕ್ಷೆಯಾಗಿದ್ದ ಗೆಳತಿ ಯಮುನಾಗೆ ಫೋನ್ ಮಾಡಿ, ಯಾರೋ ತನ್ನ ಸಹಿ ಕದ್ದರೆಂದು ಅತ್ತಳು. ಡಾಂಗಲ್ ಎಲ್ಲಿದೆ ಎಂದು ಯಮುನಾ ಕೇಳಿದಳು.

ಈಗ ಬಿಲ್ಲಿಗೆ ಸಹಿ ಬೀಳುವುದು ಪೆನ್ನಿನಿಂದಲ್ಲ, ಪೆನ್‌ಡ್ರೈವ್‌ನಂಥ ಡಾಂಗಲ್‌ನಿಂದ. ಉಷಾರಾಣಿಯದು ಗಂಡ ಅಶ್ವಥ್‌ನ ಬೈಕಿನ ಕೀ ಗೊಂಚಲಲ್ಲಿತ್ತು. ಪಿನ್ ನಂಬರೂ ಅವನಿಗೇ ಗೊತ್ತು. ಊರವರು ಅವನನ್ನೇ "ಅಧ್ಯಕ್ಷರೇ" ಎನ್ನುತ್ತಿದ್ದರು, ಮಹಾಶಯ ಓಗೊಡುತ್ತಲೂ ಇದ್ದ. ಕಂಪ್ಯೂಟರ್ ವಿಷಯ ನಿನಗೇಕೆ ಎಂದು ಅವನು ಅಂದಾಗ ಅವಳೂ ಒಪ್ಪಿ ಶುಂಠಿ ಗದ್ದೆಯ ಕೆಲಸಕ್ಕೆ ಹೋಗಿದ್ದಳು. ಬಿಡುವಿಲ್ಲದ ದಿನ ಅವನು ಆ ಗೊಂಚಲನ್ನು ಟ್ಯಾಂಕಿನ ಗುತ್ತಿಗೆದಾರ ಲೋಹಿತ್‌ನ ಕೈಗೇ ಕೊಟ್ಟು, ಪಿನ್ನೂ ಹೇಳಿ ಪಂಚಾಯಿತಿಗೆ ಕಳಿಸುತ್ತಿದ್ದ.

ಸಂಜೆ ಯಮುನಾ ಉಷಾರಾಣಿಯ ಮನೆಗೇ ಬಂದಳು. ಅಶ್ವಥ್ ಕೂತಲ್ಲಿಂದ ಏಳಲಿಲ್ಲ.

"ನಾನೇನು ಹೊರಗಿನೋನಾ? ಅವಳು ಸೈನೇ ಹಾಕಿಲ್ಲ ಅಂದ್ಮೇಲೆ ಅವಳಿಗೇನು ತೊಂದ್ರೆ?"

"ಡಾಂಗಲ್ ಹಾಕಿ ಪಿನ್ ಒತ್ತಿದ್ರೆ ಮುಗೀತಣ್ಣ. ಒತ್ತಿದ್ದು ಯಾರು ಅಂತ ಕಂಪ್ಯೂಟರ್ ಕೇಳಲ್ಲ, ಅದು ಉಷಾ ಸೈನೇ. ಪೆನ್ನಲ್ಲಾದ್ರೆ ಇದು ನನ್ನ ಅಕ್ಷರ ಅಲ್ಲ ಅನ್ಬೋದಿತ್ತು. ಇಲ್ಲಿ ಏನಂತಾಳೆ? ನಾಳೆ ವಿಚಾರಣೆಗೆ ಕರೆಯೋದು ನಿಮ್ಮನ್ನಲ್ಲ."

ಅಶ್ವಥ್ ಗೊಂಚಲಿನಿಂದ ಡಾಂಗಲ್ ಬಿಡಿಸಿ ಹೆಂಡತಿಯ ಮುಂದಿಟ್ಟ. ತಪ್ಪಾಯಿತು ಎಂದ, ನೆಲ ನೋಡುತ್ತ.

ಉಷಾರಾಣಿ ಆ ಡಾಂಗಲ್ಲಿನ ಸಹಿಯನ್ನು ರದ್ದು ಮಾಡಿಸಿದಳು, ಬಿಲ್ಲಿನ ಬಗ್ಗೆ ತಾನೇ ದೂರು ಕೊಟ್ಟಳು. ಹೊಸ ಡಾಂಗಲ್‌ನ ಪಿನ್ ಅವಳೊಬ್ಬಳಿಗೇ ಗೊತ್ತು. ಆದರೆ ಟ್ಯಾಂಕ್ ಬಂದಿಲ್ಲ. ದಾಖಲೆಯಲ್ಲಿ ಅದು ಕಟ್ಟಿ ಮುಗಿದಿದೆ, ತನಿಖೆ ಮುಗಿಯದೆ ಇನ್ನೊಂದು ಕಟ್ಟಲು ಬರುವುದಿಲ್ಲವಂತೆ. ಬೆಳ್ಳಿ ಈಗಲೂ ಕೆರೆಗೇ ಹೋಗುತ್ತಾಳೆ. ದಾರಿಯಲ್ಲಿ ಉಷಾರಾಣಿ ಎದುರಾದರೆ ಮಾತಾಡಿಸುವುದಿಲ್ಲ.

ಅಕ್ಕಂದಿರೇ, ಗೆದ್ದು ಕುರ್ಚಿಯಲ್ಲಿ ಕೂತವರೇ, ನಿಮ್ಮ ಡಾಂಗಲ್ ಈ ಹೊತ್ತು ಎಲ್ಲಿದೆ? ಗಂಡನಿಗಾಗಲಿ, ಮಗನಿಗಾಗಲಿ, ಆಫೀಸಿನವರಿಗಾಗಲಿ ಅದನ್ನು ಕೊಡಬೇಡಿ, ಪಿನ್ ಹೇಳಬೇಡಿ. ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ, ಪಿನ್ ಬದಲಿಸಿ. ಬಿಲ್ ಓದಿ, ಕೆಲಸವನ್ನು ಕಣ್ಣಾರೆ ನೋಡಿ, ಆಮೇಲೆ ನೀವೇ ಒತ್ತಿ. ಗಂಡನಿಂದ ಡಾಂಗಲ್ ವಾಪಸ್ ಕೇಳಲು ನಿಮಗೆ ಸಂಕೋಚವಾದರೆ, ಕೊಡ ಹೊರುವವಳು ಬೆಳ್ಳಿ.