ಬಿಜಲಿ ಪೆಟ್ಟಿಗೆಯ ಹಿಡಿಕೆ

ಉಪ್ಪು ಇನ್ನೂ ಪೂರ್ತಿ ಕರಗಿರಲಿಲ್ಲ. ಕಸ್ತೂರಿಬಾಯಿ ಬೋಗುಣಿಯ ತಳಕ್ಕೆ ಕೂತ ಹರಳುಗಳನ್ನು ಬೆರಳಿನಿಂದ ಉಜ್ಜಿ ಉಜ್ಜಿ ಕರಗಿಸುತ್ತಿದ್ದಳು. ಎರಡು ಅರಿವೆ ತುಂಡುಗಳನ್ನು ಆ ನೀರಿನಲ್ಲಿ ಅದ್ದಿ ನಾದಿನಿಯ ಅಂಗೈಗಳಿಗೆ ಸುತ್ತುವುದು ಅವಳ ಕೆಲಸ. ಒಂದು ವಾರದಿಂದ, ಮಧ್ಯಾಹ್ನ ಉಂಡ ಗಂಗಾಳಗಳನ್ನು ತೊಳೆದಿಟ್ಟ ಮೇಲೆ, ಮನೆಗೆಲಸದಲ್ಲಿ ಇದೂ ಒಂದಾಗಿ ಸೇರಿಕೊಂಡಿತ್ತು.

ನಾದಿನಿ ಜಯದೇವಿ ಪಡಸಾಲೆಯ ಕಂಬಕ್ಕೆ ಬೆನ್ನು ಹಚ್ಚಿ ಕೂತಿದ್ದಳು. ಅವಳ ಎಡಗಡೆಯ ಕೊರಳೆಲುಬು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅದು ಗಂಡ ಮಹಾದೇವಪ್ಪನ ಕೈಯ ಕೆಲಸ. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಅವನ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಬಾಗಿಲು ಹಾಕಿಕೊಂಡರೆ ಒಳಗಿನ ಸದ್ದು ಬಜಾರಕ್ಕೆ ಕೇಳಿಸುತ್ತಿರಲಿಲ್ಲ. ಎಲುಬು ಕೂಡುವ ಮೊದಲೇ ಜಯದೇವಿ ಕಮಲಾಪುರದ ತವರಿಗೆ ಬಂದು, ಇನ್ನು ಹೋಗುವುದಿಲ್ಲ ಎಂದುಬಿಟ್ಟಳು. ಗಂಡನ ಮನೆ ಬೇಡವೆನ್ನುವ ಹೆಣ್ಣಿಗೆ ದೆವ್ವ ಬಡಿದಿರಲೇಬೇಕು ಎಂದು ಅವಳ ಅಣ್ಣ, ಕಸ್ತೂರಿಬಾಯಿಯ ಗಂಡ ಅಣವೀರಪ್ಪ, ಊರಿಗೆಲ್ಲ ಹೇಳಿಕೊಂಡು ಬಂದ. ಉರುಸಿನಲ್ಲಿ ಅವಳನ್ನು ಕಲಬುರಗಿಯ ರೋಜಾ ದರ್ಗಾಕ್ಕೆ ಕರೆದೊಯ್ದ. ಅಲ್ಲಿ ಅವಳು ಕೂಗಲಿಲ್ಲ, ತೂಗಲಿಲ್ಲ, ಸುಮ್ಮನೆ ಕೈಮುಗಿದು ಹೊರಬಂದಳು. ಹೊರಗೆ ಮಂದಿಯ ನಡುವೆ ದತ್ತಪ್ಪನೆಂಬವನು ಬಿಜಲಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ. ಅದರ ಹಿಡಿ ತಿರುವಿದರೆ ಮೈಗೆ ಮಿಂಚು ಹೊಡೆದಂಥ ಝಟಕಾ. ವಾಯು, ಲಕ್ವ, ದೆವ್ವ ಎಲ್ಲಕ್ಕೂ ಅದೊಂದೇ ಮದ್ದು. ಅಣವೀರಪ್ಪ ಪೆಟ್ಟಿಗೆಯನ್ನೇ ಮನೆಗೆ ಹೊತ್ತು ತಂದ.

ಊರ ಪಂಚರು ಒಂದು ಮಾತು ಕಟ್ಟಿದ್ದರು. ಮಹಾದೇವಪ್ಪ ಶುಕ್ರವಾರ ಬರಲಿ. ಹುಡುಗಿ ನಾಲ್ಕು ಮಂದಿಯ ಮುಂದೆ ತನ್ನ ಬಾಯಿಂದ ಹೋಗುತ್ತೇನೆ ಅಂದರೆ ಕರೆದೊಯ್ಯಲಿ. ಇಲ್ಲವಾದರೆ ಸೋಡಚೀಟಿ ಕೊಟ್ಟು ಸಂಬಂಧ ಹರಿದುಕೊಂಡು ಬೇರೆ ಹೆಣ್ಣು ನೋಡಿಕೊಳ್ಳಲಿ. ನಾಳೆಯೇ ಶುಕ್ರವಾರ.

"ಒತ್ತಿ ಹಿಡಿ," ಎಂದ ಅಣವೀರಪ್ಪ ಹೆಂಡತಿಗೆ.

ಕಸ್ತೂರಿಬಾಯಿ ತನ್ನ ಕೈಗಳಿಗೆ ಒಣ ಕಂಬಳಿಯ ತುಂಡು ಸುತ್ತಿಕೊಂಡು, ತಂತಿ ಕಟ್ಟಿದ ಎರಡು ಹಿತ್ತಾಳೆ ಕೊಳವೆಗಳನ್ನು ಜಯದೇವಿಯ ತೊಯ್ದ ಅಂಗೈಗಳಿಗೆ ಒತ್ತಿ ಹಿಡಿದಳು. ಅಣವೀರಪ್ಪ ಎಡಗೈಯಿಂದ ಪೆಟ್ಟಿಗೆಯನ್ನು ನೆಲಕ್ಕೆ ಅದುಮಿ, ಬಲಗೈಯಿಂದ ಹಿಡಿ ತಿರುವಿದ.

ಜಯದೇವಿಯ ಬೆರಳುಗಳು ತಾವಾಗಿಯೇ ಕೊಳವೆಗಳನ್ನು ಕಚ್ಚಿಕೊಂಡವು. ತೋಳು ಸೆಟೆದು, ತಲೆ ಹಿಂದಕ್ಕೆ ಹಾರಿ ಕಂಬಕ್ಕೆ ಬಡಿಯಿತು. ತುಟಿ ಹಲ್ಲಿನ ನಡುವೆ ಸಿಕ್ಕಿ ರಕ್ತ ಗದ್ದಕ್ಕಿಳಿಯಿತು.

"ಹೋಗ್ತಿಯೋ ಇಲ್ಲೋ?"

"ಇಲ್ಲ."

ಮತ್ತೆ ತಿರುವಿದ, ಇನ್ನೂ ಜೋರಾಗಿ. ಈ ಸಲ ಅವಳಿಗೆ ಬಾಯಿ ಬರಲಿಲ್ಲ, ತಲೆ ಅಲ್ಲಾಡಿಸಿದಳು. ಅಣವೀರಪ್ಪ ಹಿಡಿ ಬಿಟ್ಟು ಎದ್ದು ಬಂದು ಅವಳ ಪಕ್ಕೆಗೆ ಒದ್ದ. ಒದ್ದ ಕಡೆಯೇ ಮತ್ತೊಮ್ಮೆ ಒದ್ದ.

"ಸಾಕ್ರಿ," ಎಂದಳು ಕಸ್ತೂರಿಬಾಯಿ.

ಅವನ ಮುಂಗೈಯ ಹೊಡೆತಕ್ಕೆ ಅವಳ ಕಿವಿ ಗುಂಯ್ ಎಂದಿತು.

"ನಿನ್ನ ಕೆಲಸ ಹಿಡಿಯೂದು, ಬಾಯಿ ಮಾಡೂದಲ್ಲ. ನಾಳಿ ಮುಂಜಾನಿ ಕೈಗಲ್ಲ, ಕಣತಲಿಗೆ ಹಚ್ಚತೀನಿ. ಪಂಚರು ಬರೂದ್ರಾಗ ಹೂಂ ಅಂತಾಳ, ಇಲ್ಲಾ ಹುಚ್ಚಿ ಆಗಿ ದೆವ್ವ ಖರೇ ಅನ್ನಿಸ್ತಾಳ. ಯಾವದಾದ್ರೂ ನನಗ ನಡೀತದ."

ಹೆಗಲಿಗೆ ಟವೆಲು ಹಾಕಿಕೊಂಡು ಬಾಳೆತೋಟಕ್ಕೆ ಹೋದ.

ಕಸ್ತೂರಿಬಾಯಿ ಬೆಣ್ಣೆ ತಂದು ಜಯದೇವಿಯ ಅಂಗೈಗೆ ಹಚ್ಚತೊಡಗಿದಳು. ಹಚ್ಚುತ್ತಲೇ ಮೆಲ್ಲಗೆ ಕೇಳಿದಳು.

"ಖರೇನ ದೆವ್ವ ಅದ ಏನ ಜಯಾ?"

"ಅದ. ಇಷ್ಟೊತ್ತನಕ ಹಿಡಿ ತಿರುವಿ ಈಗ ತ್ವಾಟಕ್ಕ ಹೋತು."

ಇಬ್ಬರೂ ನಕ್ಕರು. ಜಯದೇವಿಯ ತುಟಿ ಮತ್ತೆ ಒಡೆಯಿತು.

"ಮತ್ತ ಇದು ಮೈಯಾಗ ಹೊಗೂದು ಏನದು?"

ಮದುವೆಗೆ ಮೊದಲು ಜಯದೇವಿ ಕಲಬುರಗಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಹೆಣ್ಣುಮಕ್ಕಳ ಸಾಲೆಗೆ ಹೋಗುತ್ತಿದ್ದಳು. "ಸಾಲ್ಯಾಗ ಕಲಿಸೂ ದಿಲ್ಶಾದ್ ಬೇಗಂ ಉಸ್ತಾನಿ ತೋರ್ಸಿದ್ರು ವೈನಿ. ಗಾಜಿನ ಭರಣಿಯಾಗ ನವಸಾಗರದ ನೀರು. ಅದರಾಗ ಒಂದು ಸತುವಿನ ಕೋಲು, ಒಂದು ಇದ್ದಲಿ ಕೋಲು. ಎರಡಕ್ಕೂ ತಂತಿ, ನಡುವ ಒಂದು ಗಂಟಿ. ತಂತಿ ಸುತ್ತ ಕೂಡಿದ್ರ ಗಂಟಿ ಬಡೀತದ. ಎಲ್ಲ್ಯಾರ ಒಂದ ಕಡಿ ಬಿಡ್ಸಿದ್ರ ಬಂದ್. ಬಿಜಲಿಗೆ ಹೋಗಾಕ ಒಂದು ಹಾದಿ ಬೇಕು, ತಿರುಗಿ ಬರಾಕ ಒಂದು ಹಾದಿ ಬೇಕು. ಬರೂ ಹಾದಿ ಇಲ್ಲಂದ್ರ ಅದು ಹೊರಡೂದ ಇಲ್ಲ."

"ಇಲ್ಲಿ ಗಂಟಿ ಯಾವದು?"

"ನಾನ."

ಕಸ್ತೂರಿಬಾಯಿ ಬೋಗುಣಿಯ ಕಡೆ ನೋಡಿದಳು. "ಉಪ್ಪುನೀರು ಯಾಕ ಮತ್ತ?"

"ಒಣಾ ಚರ್ಮ ಬಿಜಲೀನ ತಡೀತದ. ಉಪ್ಪುನೀರು ಹಾದಿ ಬಿಡ್ತದ. ಕಂಬಳಿ ಬಿಡೂದಿಲ್ಲ. ಅದಕ್ಕ ನಿನಗ ಕಂಬಳಿ, ನನಗ ಉಪ್ಪುನೀರು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕಸ್ತೂರಿಬಾಯಿಗೆ ತಡೆದುಕೊಳ್ಳುವುದು ಹಗುರಾಗುತ್ತಿತ್ತು. ಒಂದು ವಾರದಿಂದ ಅವಳು, ಹೊಡೆಯುವವನು ಗಂಡ, ನೋವು ನಾದಿನಿಯದು, ತಾನು ಬರೇ ಪಕ್ಕಕ್ಕೆ ಕೂತವಳು ಎಂದುಕೊಂಡಿದ್ದಳು. ದತ್ತಪ್ಪ ಹೇಳಿಕೊಟ್ಟದ್ದಕ್ಕಿಂತ ಒಂದು ಹಿಡಿ ಉಪ್ಪು ಹೆಚ್ಚೇ ಹಾಕಿದ್ದಳು, ಮದ್ದು ಬೇಗ ಹಿಡಿಯಲಿ ಎಂದು.

"ಮೊದಲ ಯಾಕ ಹೇಳಲಿಲ್ಲ ತಂಗೀ?"

"ನೀ ಕೇಳಲಿಲ್ಲ."

ಜಯದೇವಿ ಗೋಡೆಯ ಕಡೆ ಹೊರಳಿ ಮಲಗಿದಳು. ಕಸ್ತೂರಿಬಾಯಿ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ನೂಲು ಸುತ್ತಿದ ತಂತಿಯನ್ನು ಬೆರಳಲ್ಲಿ ಬಗ್ಗಿಸಿ ನೋಡಿದಳು. ನೂಲಿನೊಳಗೇ ತಾಮ್ರ ಮುರಿಯಬಹುದಿತ್ತು. ಆದರೆ ಗಂಡನಿಗೆ ಅದನ್ನು ಹುಡುಕಿ ಮತ್ತೆ ಹೆಣೆಯುವುದು ಎಷ್ಟು ಹೊತ್ತಿನ ಮಾತು? ಹೆಣೆದಾದ ಮೇಲೆ ಎರಡು ಪಟ್ಟು ತಿರುವುತ್ತಾನೆ.

ಹಿಡಿಯನ್ನು ಮೆಲ್ಲಗೆ ತಿರುವಿದಳು. ಪೆಟ್ಟಿಗೆ ಜಿಗಿದು ಪಕ್ಕಕ್ಕೆ ಸರಿಯಿತು. ಎರಡನೆಯ ಕೈಯಿಂದ ಅದುಮದೆ ಅದು ನಿಲ್ಲುತ್ತಿರಲಿಲ್ಲ. ಮೊದಲನೆಯ ದಿನ ಗಂಡ ಕೊಳವೆಗಳನ್ನು ಜಯದೇವಿಯ ಕೈಗೆ ಹಗ್ಗದಿಂದ ಬಿಗಿದಿದ್ದ. ಮೊದಲ ಝಟಕಾಕ್ಕೇ ಜಾರಿ ಬಿದ್ದಿದ್ದವು. ಕಣತಲೆಯ ಮೇಲಂತೂ ನಿಲ್ಲುವ ಮಾತೇ ಇಲ್ಲ. ತಿರುವುವವನಿಂದ ಹಿಡಿಯಲಿಕ್ಕಾಗದು. ಹೊರಗಿನವರನ್ನು ಕರೆದರೆ ದೆವ್ವದ ನೆವದಲ್ಲಿ ತಂಗಿಯಿಂದ ಹೂಂ ಅನ್ನಿಸುತ್ತಿರುವ ಗುಟ್ಟು ಹೊರಬೀಳುತ್ತದೆ. ಅವನಿಗೆ ಇದ್ದದ್ದು ಇವಳ ಎರಡು ಕೈ ಮಾತ್ರ.

ಹಿಡಿಯದಿದ್ದರೆ ಅವನು ತಿರುವುವುದನ್ನು ಬಿಟ್ಟು ಎದ್ದು ತನ್ನ ಮೇಲೆ ಬರುತ್ತಾನೆ. ಬರಲಿ. ಬಿಟ್ಟ ಗಳಿಗೆಗೆ ಪೆಟ್ಟಿಗೆ ಬರೇ ಕಟ್ಟಿಗೆ. ಅವನ ಹೊಡೆತದ ಸರದಿ ಅವಳಿಗೆ ಬಾಯಿಪಾಠವಾಗಿತ್ತು: ಮೊದಲು ಕಪಾಳ, ಆಮೇಲೆ ಮುಡಿ, ಆಮೇಲೆ ಬಾಗಿಲ ಹಿಂದಿನ ಬಡಿಗೆ. ದಣಿಯಲು ಅವನಿಗೆ ಹೊತ್ತು ಬೇಕು, ಅಷ್ಟರಲ್ಲಿ ಪಂಚರು ಬರುತ್ತಾರೆ. ಇಷ್ಟು ವರ್ಷ ಬಾವು ಇಳಿಯುವವರೆಗೆ ಸೆರಗು ಮುಂದೆಳೆದುಕೊಂಡು ಓಡಾಡಿದ್ದಳು. ನಾಳೆ ಪಂಚರ ಮುಂದೆ ಎಳೆದುಕೊಳ್ಳುವುದಿಲ್ಲ. ನಾಳೆ ಕೊಳವೆಗಳನ್ನು ಹಿಡಿಯುವುದಿಲ್ಲ.

ಜಯದೇವಿಗೆ ಹೇಳಬೇಕೆನಿಸಿತು. ಹೇಳಿದರೆ ಆ ಹುಡುಗಿ, ನಿನ್ನನ್ನು ಹೊಡೆಸುವುದಕ್ಕಿಂತ ನಾನೇ ಹೋಗುತ್ತೇನೆ ಅಂದರೂ ಅಂದಾಳು. ಹೇಳಲಿಲ್ಲ.

ಸಂಜೆ ಅಣವೀರಪ್ಪ ಕಾಲು ತೊಳೆಯುತ್ತ ಅಂಗಳದಿಂದಲೇ ಕೂಗಿದ. "ಏ, ನಾಳಿ ಬೀಗರು ಬರ್ತಾರ. ಹೋಳಗಿ ಮಾಡು."

"ಆಯ್ತ್ರಿ," ಎಂದಳು ಕಸ್ತೂರಿಬಾಯಿ, ಮತ್ತು ಬೇಳೆ ಆರಿಸಲು ಮೊರ ಇಳಿಸಿಕೊಂಡಳು.