ಅವನ ತಲೆ ಹೇಳಿದ್ದು

ಪ್ಲಾಮೆನ್ ಬಲ್ಗೇರಿಯಾದವನು. ವಾರ್ನಾ ಎಂಬ ಬಂದರಿನ ಊರಲ್ಲಿ ಚೆಂಡು ಹಿಡಿದವನು ಪೋಲೆಂಡ್, ಟರ್ಕಿ, ಇಸ್ರೇಲ್ ಅಂತ ದೇಶದೇಶ ಸುತ್ತಿ, ಮೂವತ್ತನಾಲ್ಕನೇ ವಯಸ್ಸಿಗೆ ನಮ್ಮ ಸಿಡ್ನಿಯ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿಗೆ ಬಂದು ಬಿದ್ದಿದ್ದ. ನಾನು ಆ ಕ್ಲಬ್ಬಿನ ಫಿಸಿಯೋ, ಧಾರವಾಡದ ಶೈಲಶ್ರೀ. ಅವನ ಎಡ ಮೊಣಕಾಲು ನನ್ನ ಸುಪರ್ದಿಯಲ್ಲಿತ್ತು. ಅವನು ನನ್ನ ಮೇಜಿನ ಮೇಲೆ ಮಲಗಿದರೆ ಪಾದಗಳೆರಡೂ ಹೊರಗೇ.

ನಾವಿಬ್ಬರೂ ಒಂದೇ ಗೂಟಕ್ಕೆ ಕಟ್ಟಿದ ದನಗಳು. ಅವನ ವೀಸಾ ಕ್ಲಬ್ಬಿನ ಕೈಯಲ್ಲಿ, ನನ್ನದೂ ಅಲ್ಲೇ. ಆಡಲ್ಲ ಅಂತ ಅವನು ತಾನಾಗಿ ಹೇಳಿದರೆ ಕಾಂಟ್ರಾಕ್ಟ್ ಮುರಿದಂತೆ. ಹೆಂಡತಿ, ಕ್ವೇಕರ್ಸ್ ಹಿಲ್ ಶಾಲೆಗೆ ಈಗಷ್ಟೇ ಹೊಂದಿಕೊಂಡಿದ್ದ ಮಗಳು, ಎಲ್ಲರೂ ಗಂಟುಮೂಟೆ ಕಟ್ಟಬೇಕು. ಆಡುವುದು ಬೇಡ ಅಂತ ಫಿಸಿಯೋ ಹೇಳಿದರೆ ಮಾತ್ರ ಕಾಂಟ್ರಾಕ್ಟ್ ಉಳಿಯುತ್ತದೆ. ಇನ್ನು ಫಿಸಿಯೋ ಕಥೆ? ಮಾತೆತ್ತಿದರೆ ಬೇಡ ಅನ್ನುವವಳ ಪಿಆರ್‌ಗೆ, ಅಂದರೆ ಇಲ್ಲೇ ಕಾಯಂ ನೆಲೆಸುವ ಅರ್ಜಿಗೆ, ಸಹಿ ಹಾಕಲು ತಮಗೂ ಮನಸ್ಸಾಗುವುದಿಲ್ಲ ಅಂತ ಕೋಚ್ ಒಂದು ಸಲ ನಗುನಗುತ್ತಲೇ ಹೇಳಿದ್ದರು. ಆ ನಗು ಕಂಡು ಮೈಯೆಲ್ಲ ಉರಿದಿತ್ತು. ಆದರೂ ನಾನೂ ನಕ್ಕಿದ್ದೆ.

ಮೆಲ್ಬರ್ನ್ ಪಂದ್ಯಕ್ಕೆ ಮುಂಚೆಯೇ ಮೊಣಕಾಲು ಬಾತಿತ್ತು. ನೋಡೋಣ ಅಂದು ಪಟ್ಟಿ ಸುತ್ತಿ ಕಳಿಸಿದೆ. ಏನೂ ಹೇಳದೆ ಜಾರಿಕೊಳ್ಳಬೇಕಾದಾಗ ನಾವು ಹೇಳುವ ಮಾತು ಅದು. ಮೂರನೇ ಕ್ವಾರ್ಟರ್‌ನಲ್ಲಿ ಅವನು ಕುಂಟುತ್ತ ಬಂದು ಬೆಂಚಿನ ಮೇಲೆ ಕುಸಿದ. ಮತ್ತೆ ಇಳಿಯಲು ಆಗುತ್ತದಾ ಅಂತ ಕೋಚ್ ಬಗ್ಗಿ ಕೇಳಿದರು. ಪ್ಲಾಮೆನ್ ತಲೆಯನ್ನು ಮೇಲೆ ಕೆಳಗೆ ಆಡಿಸಿದ. ಕೋಚ್ ಅವನ ಬೆನ್ನು ತಟ್ಟಿ ಬೇರೆಯವರ ಕಡೆ ತಿರುಗಿದರು.

ಬಲ್ಗೇರಿಯಾದವರು ಹಾಗೆ ತಲೆ ಆಡಿಸುವುದು ಇಲ್ಲ ಅನ್ನುವುದಕ್ಕೆ. ಹೊರದೇಶಗಳಲ್ಲಿ ಇದ್ದೂ ಇದ್ದೂ ಅವನು ಅದನ್ನು ತಿದ್ದಿಕೊಂಡಿದ್ದ. ಆದರೆ ನೋವು ತಡೆಯಲಾರದೆ ಹೋದಾಗ ಹುಟ್ಟೂರಿನ ತಲೆಯೇ ವಾಪಸ್ ಬರುತ್ತಿತ್ತು. ನನ್ನ ಮೇಜಿನ ಮೇಲೆ ಎಷ್ಟು ಸಲ ನೋಡಿಲ್ಲ? ನಮ್ಮವರು ತಲೆ ಅಲ್ಲಾಡಿಸಿದರೂ ಇಲ್ಲಿಯವರಿಗೆ ಹೌದೋ ಅಲ್ಲವೋ ತಿಳಿಯುವುದಿಲ್ಲ. ಹಾಗಾಗಿ ನಾನು ತಲೆಗಳನ್ನು ಗಮನಿಸುವವಳು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೇ ಇದ್ದುಬಿಡೋಣ ಅನಿಸಿತು ಕೂಡ, ಸುಳ್ಳು ಯಾಕೆ ಹೇಳಲಿ. ಆದರೂ ಹೋಗಿ, ಅವನು ಇಲ್ಲ ಅಂದದ್ದು, ನಿಮಗೆ ತಪ್ಪು ತಿಳಿಯಿತು ಅಂತ ಕೋಚ್‌ಗೆ ಹೇಳಿದೆ.

ಕೋಚ್ ತಿರುಗಿ ಎಲ್ಲರೆದುರೇ ಕೇಳಿದರು. "ಆಡಲ್ಲ ಅಂದ್ಯಾ?"

ಪ್ಲಾಮೆನ್ ಮುಖ ಬಿಳಿಚಿಕೊಂಡಿತು. "ಆಡ್ತೀನಿ ಅಂದೆ," ಎಂದು ಬೆಂಚು ಹಿಡಿದು ಎದ್ದ.

ನನ್ನ ಜಾಣತನಕ್ಕಿಷ್ಟು ಬೆಂಕಿ ಬೀಳ. ಇಲ್ಲ ಅನ್ನುವುದನ್ನು ಅವನ ಬಾಯಿಗೇ ತುರುಕಿದ್ದೆ. ಅವನು ಹೇಳಬಾರದ ಮಾತು ಅದೊಂದೇ, ಹೇಳಬೇಕಾದವಳು ನಾನು. ಹೋಗಿ ಅವನಿಗೆ ಅಡ್ಡ ನಿಂತೆ. ನನ್ನ ನೆತ್ತಿ ಅವನ ಎದೆಗೂ ಬರುವುದಿಲ್ಲ.

"ಅವನು ಏನಾದ್ರೂ ಅನ್ನಲಿ. ಫಿಸಿಯೋ ನಾನು. ನಾನು ಬೇಡ ಅಂತಿದೀನಿ."

ಏನು ಹೇಳುತ್ತಿದ್ದೀಯ ಅನ್ನುವ ಅರಿವಿದೆ ತಾನೆ ಅಂತ ಕೋಚ್ ಕೇಳಿದರು. ಇದೆ ಅಂದೆ. ಪ್ಲಾಮೆನ್ ಕೂತು ಟವೆಲ್‌ನಿಂದ ಮುಖ ಮುಚ್ಚಿಕೊಂಡ. ನಾವು ಸೋತೆವು.

ಸಿಡ್ನಿಯ ವಿಮಾನ ಹತ್ತುವ ಮುನ್ನ ಟೂಂಗಾಬಿ ಬಡಾವಣೆಯ ನಮ್ಮ ಮನೆಗೆ ಫೋನ್ ಮಾಡಿದೆ. ಗಂಡ ಶಶಿಧರ ಮ್ಯಾಚ್ ಏನಾಯಿತು ಅಂತ ಕೇಳಿದರು.

"ಅದಿರ್ಲಿ," ಅಂದೆ. "ಮನಿ ಬದಲಿ ಮಾಡಿದಾಗಿನ ಖಾಲಿ ಬಾಕ್ಸ್ ಒಗದಿಲ್ಲಲ್ರಿ?"

"ಇಲ್ಲ," ಅಂದರು. "ಗ್ಯಾರೇಜ್‌ನ್ಯಾಗ ಅದಾವ."